900 ಪ್ರತಿಯಿಂದ 80 ಭಾಷೆಗೆ: ‘ದಿ ಆಲ್ಕೆಮಿಸ್ಟ್’ ಕಾದಂಬರಿಯ ಪ್ರಕರಣ ಅಧ್ಯಯನ

1988ರಲ್ಲಿ ಬ್ರೆಜಿಲ್‌ನ ಸಣ್ಣದೊಂದು ಪ್ರಕಾಶನ ಸಂಸ್ಥೆ ಪೋರ್ಚುಗೀಸ್ ಭಾಷೆಯಲ್ಲಿ ತೆಳ್ಳಗಿನ ಒಂದು ಕಾದಂಬರಿ ಹೊರತಂದಿತು. ಅಚ್ಚಾದದ್ದು 900 ಪ್ರತಿ. ಲೇಖಕ ಪಾಲೊ ಕೊಯೆಲೊ ಅವರಿಗೆ ಆಗ ನಲವತ್ತೊಂದರ ಆಸುಪಾಸು. ದೇಶದ ಈಶಾನ್ಯ ಮೂಲೆಯ ಪುಸ್ತಕ ವ್ಯಾಪಾರಿಯೊಬ್ಬ ಹೇಳಿದ ಲೆಕ್ಕವನ್ನು ಅವರು ಇಪ್ಪತ್ತೈದನೆಯ ವರ್ಷದ ಆವೃತ್ತಿಯ ಮುನ್ನುಡಿಯಲ್ಲಿ ಬರೆದಿದ್ದಾರೆ. ಮೊದಲ ವಾರ ಒಂದೇ ಪ್ರತಿ ಮಾರಾಟವಾಯಿತು. ಎರಡನೆಯದು ಹೋಗುವುದಕ್ಕೆ ಇನ್ನೂ ಆರು ತಿಂಗಳು ಹಿಡಿಯಿತು. ಅದನ್ನು ಕೊಂಡವನೂ ಮೊದಲನೆಯದನ್ನು ಕೊಂಡವನೇ! ವರ್ಷದ ಕೊನೆಗೆ ಪ್ರಕಾಶಕರು ಮರುಮುದ್ರಣ ಬೇಡವೆಂದು ಹಕ್ಕನ್ನು ಲೇಖಕರಿಗೇ ಬಿಟ್ಟುಕೊಟ್ಟರು.

ಪ್ರಕಾಶಕರನ್ನು ದೂರಿ ಪ್ರಯೋಜನವಿಲ್ಲ. ಆ ವರ್ಷಗಳ ಬ್ರೆಜಿಲ್‌ನಲ್ಲಿ ಬೆಲೆ ವರ್ಷಕ್ಕೆ ನೂರಾರು ಪ್ರತಿಶತ ಏರುತ್ತಿತ್ತು. ನಿಧಾನಕ್ಕೆ ಖಾಲಿಯಾಗುವ ದಾಸ್ತಾನನ್ನು ಗೋದಾಮಿನಲ್ಲಿಟ್ಟುಕೊಂಡು ಕಾಯುವುದು ಸಣ್ಣ ಸಂಸ್ಥೆಗೆ ಕೈಸುಡುವ ಕೆಲಸ. ಮೊದಲ ವರ್ಷದ ಮಾರಾಟವನ್ನಷ್ಟೇ ಮುಂದಿಟ್ಟುಕೊಂಡು ನೋಡಿದರೆ ಅವರ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಅದೇ ಪುಸ್ತಕ ಮುಂದೆ 80ಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು, ನ್ಯೂಯಾರ್ಕ್ ಟೈಮ್ಸ್ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ 300 ವಾರಕ್ಕೂ ಮಿಕ್ಕಿ ಕುಳಿತಿತು, ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಪುಸ್ತಕದ ಒಂದು ವಾಕ್ಯವೂ ಈ ನಡುವೆ ತಿದ್ದುಪಡಿಯಾಗಿ ಉತ್ತಮಗೊಂಡಿರಲಿಲ್ಲ. ಹಾಗಾದರೆ ಬದಲಾದದ್ದೇನು, ಮೊದಲಿನಿಂದಲೂ ಅದರೊಳಗೆ ಇದ್ದದ್ದೇನು?

‘ಕನಸಿನ ಬೆನ್ನು ಹತ್ತು ಎಂಬ ಸಂದೇಶ ಜನರಿಗೆ ಹಿಡಿಸಿತು’ ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಅದರಿಂದ ಏನೂ ಬಗೆಹರಿಯುವುದಿಲ್ಲ. ಅದೇ ಸಂದೇಶ ಹೊತ್ತ ಪುಸ್ತಕಗಳು ಪ್ರತಿವರ್ಷ ರಾಶಿರಾಶಿ ಬರುತ್ತವೆ, ಮರುವರ್ಷಕ್ಕೆ ಅವುಗಳ ಹೆಸರೂ ಉಳಿಯುವುದಿಲ್ಲ. ಈ ಕಾದಂಬರಿ ಉಳಿದಿರುವುದು ಅದು ನಷ್ಟದ ಲೆಕ್ಕವನ್ನು ಇಟ್ಟ ರೀತಿಯಿಂದ ಎಂಬುದು ಈ ಅಧ್ಯಯನದ ವಾದ. ಸಂದೇಶವನ್ನು ಬದಿಗಿಟ್ಟು ಕಾದಂಬರಿಯ ಜಮಾ-ಖರ್ಚು ನೋಡಿದರೆ ಹಲವು ವಿಷಯ ಸ್ಪಷ್ಟವಾಗುತ್ತವೆ.

ಹಳೆಯ ಕಥೆ, ಹೊಸ ನಡುಭಾಗ

ಕಥೆಯ ಅಸ್ಥಿಪಂಜರ ಕೊಯೆಲೊ ಅವರದಲ್ಲ. ದೂರದ ಊರಲ್ಲಿ ನಿಧಿ ಇದೆ ಎಂದು ಕನಸು ಕಂಡವನೊಬ್ಬ ಹೊರಡುತ್ತಾನೆ; ಅಲ್ಲಿ ಪೆಟ್ಟು ತಿನ್ನುತ್ತಾನೆ; ಪೆಟ್ಟು ಕೊಟ್ಟವನು ನಗುತ್ತ ತನಗೂ ಒಂದು ಕನಸು ಬಿದ್ದಿತ್ತೆಂದು ಹೇಳುತ್ತಾನೆ; ಆ ಕನಸಿನಲ್ಲಿ ಬರುವ ಜಾಗ ಕೇಳುತ್ತಿರುವವನ ಸ್ವಂತ ಮನೆ. ಅರೇಬಿಯನ್ ನೈಟ್ಸ್‌ನಲ್ಲಿ ಬಾಗ್ದಾದಿನವನು ಕೈರೋಗೆ ಹೋಗಿ ಬರುತ್ತಾನೆ. ಪರ್ಷಿಯನ್ ಕವಿ ರೂಮಿಯ ‘ಮಸ್ನವಿ’ಯ ಆರನೆಯ ಸಂಪುಟದಲ್ಲಿಯೂ ಇದು ಇದೆ. ಯಹೂದಿ ಪರಂಪರೆಯಲ್ಲಿ ಕ್ರಾಕೋವಿನವನು ಪ್ರಾಗ್ ನಗರದ ಸೇತುವೆಯವರೆಗೆ ನಡೆಯುತ್ತಾನೆ, ಇಂಗ್ಲೆಂಡಿನ ಜನಪದದಲ್ಲಿ ಸ್ವಾಫಮ್ ಊರಿನ ತಲೆಹೊರೆ ವ್ಯಾಪಾರಿ ಲಂಡನ್ ಸೇತುವೆಗೆ ಹೋಗುತ್ತಾನೆ. ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1930ರ ದಶಕದಲ್ಲಿ ಇದನ್ನು ಎರಡೇ ಪುಟದಲ್ಲಿ ಹೇಳಿ ಮುಗಿಸಿದರು.

ಇಷ್ಟು ನಾಡುಗಳಲ್ಲಿ, ಇಷ್ಟು ಶತಮಾನ ಬಾಯಿಂದ ಬಾಯಿಗೆ ಸವೆದು ನುಣುಪಾದ ಕಥೆಗೆ ಒಂದು ಲಾಭವಿದೆ. ಅದರ ಕೊನೆ ಈಗಾಗಲೇ ಪರೀಕ್ಷೆಯಲ್ಲಿ ಗೆದ್ದಿರುತ್ತದೆ. ಓದುಗನಿಗೆ ಒಮ್ಮೆಲೇ ಆಶ್ಚರ್ಯವೂ ‘ಹೌದು, ಹೀಗೇ ಆಗಬೇಕಿತ್ತು’ ಎಂಬ ಸಮಾಧಾನವೂ ಸಿಗುವಂಥ ಕೊನೆಗಳು ಬೆರಳೆಣಿಕೆಯಷ್ಟು. ಕೊಯೆಲೊ ಅದನ್ನು ಮುಟ್ಟಲು ಹೋಗಲಿಲ್ಲ.

ಅವರು ಸೇರಿಸಿದ್ದು ನಡುಭಾಗ. ಹಳೆಯ ರೂಪಗಳಲ್ಲಿ ಪ್ರಯಾಣಕ್ಕೆ ಸಿಗುವುದು ಒಂದೆರಡು ಸಾಲು; ‘ಹೋದ, ತಲುಪಿದ, ಹಿಡಿದರು’. ಕಾದಂಬರಿಯಲ್ಲಿ ಪುಟಗಳೆಲ್ಲ ಹೆಚ್ಚುಕಡಿಮೆ ಆ ಒಂದೆರಡು ಸಾಲಿನೊಳಗೇ ನಡೆಯುತ್ತವೆ. ಅಂಗಡಿಯ ನೌಕರಿ, ಒಂಟೆಗಳ ಸಾಲು, ಮರಳುಗಾಡಿನ ಕಾಳಗ, ಓಯಸಿಸ್‌ನ ಪ್ರೇಮ, ರಸವಾದಿಯ (ಸೀಸವನ್ನು ಚಿನ್ನ ಮಾಡಬಲ್ಲ ಆಲ್ಕೆಮಿಸ್ಟ್) ಪಾಠ. ಹಳೆಯ ಕಥೆಯವನು ಹೋದ ಹಾಗೇ ವಾಪಸಾಗುತ್ತಾನೆ. ಇವನು ದುಡಿಯುತ್ತಾನೆ, ಗಳಿಸುತ್ತಾನೆ, ಕಳೆದುಕೊಳ್ಳುತ್ತಾನೆ.

ಲೆಕ್ಕದ ಪುಸ್ತಕ

ಸ್ಪೇನಿನ ಆಂಡಲೂಸಿಯಾದ ಕುರಿಗಾಹಿ ಸಾಂಟಿಯಾಗೊನ ಬಳಿ ಕಥೆಯ ಆರಂಭದಲ್ಲಿ 60 ಕುರಿ ಇವೆ. ಈಜಿಪ್ಟಿನ ಪಿರಮಿಡ್ಡುಗಳ ಬಳಿ ನಿಧಿ ಇದೆ ಎಂಬ ಅವನ ಕನಸಿನ ಅರ್ಥ ಹೇಳುವ ಜಿಪ್ಸಿ ಮುದುಕಿ ತಾರಿಫಾ ಊರಿನಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ನಿಧಿ ಸಿಕ್ಕರೆ ಹತ್ತರಲ್ಲೊಂದು ಪಾಲು ಕೊಡುತ್ತೇನೆಂಬ ಮಾತು ಪಡೆಯುತ್ತಾಳೆ. ನಂತರ ಸಿಗುವ ಮುದುಕ, ಸೇಲಂನ ರಾಜ ಮೆಲ್ಕಿಜೆಡೆಕ್, ಕುರಿಗಳಲ್ಲಿ ಹತ್ತನೆಯ ಒಂದು ಭಾಗವನ್ನು ಮುಂಗಡವಾಗಿಯೇ ಕೇಳುತ್ತಾನೆ. ಅಂದರೆ ಆರು ಕುರಿ. (ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನು ಹತ್ತನೆಯ ಪಾಲು ಕೊಡುವುದು ಇದೇ ಮೆಲ್ಕಿಜೆಡೆಕ್‌ನಿಗೆ. ಗೊತ್ತಿದ್ದವರಿಗೆ ಅದೊಂದು ಸಣ್ಣ ಖುಷಿ, ಗೊತ್ತಿಲ್ಲದವರಿಗೆ ಏನೂ ಕೊರತೆಯಾಗುವುದಿಲ್ಲ.) ಉಳಿದ ಕುರಿ ಮಾರಿದ ಹಣದೊಂದಿಗೆ ಹುಡುಗ ಜಲಸಂಧಿ ದಾಟಿ ಮೊರಾಕ್ಕೊದ ಟಾಂಜಿಯರ್‌ಗೆ ಹೋಗುತ್ತಾನೆ. ಅಲ್ಲಿ ಮೊದಲ ದಿನವೇ, ತನ್ನ ಭಾಷೆ ಬಲ್ಲವನೊಬ್ಬನನ್ನು ನಂಬಿ ಪೂರ್ತಿ ಹಣ ಕಳೆದುಕೊಳ್ಳುತ್ತಾನೆ. ಇದು ಮೊದಲ ದಿವಾಳಿ.

ನಂತರ ಹರಳುಗಾಜಿನ ಅಂಗಡಿಯಲ್ಲಿ ಕೆಲಸ. ಮೊದಲು ಊಟಕ್ಕಾಗಿ ಧೂಳು ಹಿಡಿದ ಗ್ಲಾಸುಗಳನ್ನು ಒರೆಸಿಕೊಡುತ್ತಾನೆ. ಆಮೇಲೆ ಅಂಗಡಿಯ ಹೊರಗೆ ಪ್ರದರ್ಶನದ ಕಪಾಟು ಇಡಿಸುತ್ತಾನೆ. ಬೆಟ್ಟ ಹತ್ತಿ ಬಂದವರಿಗೆ ಹರಳುಗಾಜಿನ ಲೋಟದಲ್ಲೇ ಚಹಾ ಮಾರುವ ಉಪಾಯ ಹೇಳುತ್ತಾನೆ. ಹನ್ನೊಂದು ತಿಂಗಳು ಒಂಬತ್ತು ದಿನದ ಕೊನೆಗೆ ಅವನ ಕೈಯಲ್ಲಿ 120 ಕುರಿ ಕೊಳ್ಳುವಷ್ಟು ಹಣ. ಆರಂಭದಲ್ಲಿ ಇದ್ದದ್ದರ ಇಮ್ಮಡಿ.

ಅಲ್ಲಿಂದ ಈಜಿಪ್ಟಿನ ಅಲ್ ಫಯೂಮ್ ಓಯಸಿಸ್. ಹದ್ದುಗಳ ಹಾರಾಟದಲ್ಲಿ ದಾಳಿಯ ಸೂಚನೆ ಕಂಡು ಹಿರಿಯರಿಗೆ ತಿಳಿಸಿದ್ದಕ್ಕೆ 50 ಚಿನ್ನದ ನಾಣ್ಯ ಸಿಗುತ್ತದೆ. ರಸವಾದಿಯ ಜೊತೆ ಹೊರಟಾಗ ದಾರಿಯಲ್ಲಿ ಬುಡಕಟ್ಟಿನವರು ಹಿಡಿಯುತ್ತಾರೆ, ರಸವಾದಿ ಹುಡುಗನ ಹಣವನ್ನೆಲ್ಲ ಅವರ ಮುಖಂಡನಿಗೆ ಕೊಟ್ಟುಬಿಡುತ್ತಾನೆ. ಎರಡನೆಯ ದಿವಾಳಿ; ಈ ಸಲ ಜೀವವೂ ಒತ್ತೆಯಲ್ಲಿದೆ, ಮೂರು ದಿನದೊಳಗೆ ಗಾಳಿಯಾಗಿ ಮಾರ್ಪಡಬೇಕು. ಅದನ್ನು ದಾಟಿದ ಮೇಲೆ ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಮಠದಲ್ಲಿ ಸೀಸ ಚಿನ್ನವಾಗುತ್ತದೆ. ರಸವಾದಿ ಅದನ್ನು ನಾಲ್ಕು ಭಾಗ ಮಾಡುತ್ತಾನೆ. ಒಂದು ಮಠದ ಸನ್ಯಾಸಿಗೆ, ಒಂದು ಹುಡುಗನಿಗೆ, ಒಂದು ತನಗೆ. ನಾಲ್ಕನೆಯದನ್ನು, ಹುಡುಗನಿಗೆ ಮುಂದೆ ಬೇಕಾದೀತೆಂದು, ಸನ್ಯಾಸಿಯ ಬಳಿಯೇ ಬಿಡುತ್ತಾನೆ. ಪಿರಮಿಡ್ಡಿನ ಬುಡದಲ್ಲಿ ಮರಳು ತೋಡುತ್ತಿರುವಾಗ ಯುದ್ಧದಿಂದ ಓಡಿಬಂದವರ ಗುಂಪು ಅವನನ್ನು ಹೊಡೆದು ಚಿನ್ನ ಕಸಿಯುತ್ತದೆ. ಮೂರನೆಯ ದಿವಾಳಿ. ಅವರ ನಾಯಕನ ಬಾಯಿಂದಲೇ ನಿಧಿಯ ನಿಜವಾದ ಜಾಗ ಹೊರಬರುತ್ತದೆ. ಕಥೆ ಶುರುವಾದ ಪಾಳು ಇಗರ್ಜಿಯ ಮರದ ಬುಡ. ವಾಪಸು ಬರುವ ಖರ್ಚಿಗೆ ಆ ನಾಲ್ಕನೆಯ ಭಾಗ ಇದೆ.

ಮೂರು ಬಾರಿ ಪೂರ್ತಿ ಬರಿಗೈ. ಪ್ರತಿ ಸಲವೂ ಹೊಸ ಘಟ್ಟದ ಹೊಸ್ತಿಲಲ್ಲಿ. ಪ್ರತಿ ಸಲ ನಂತರದ ಗಳಿಕೆ ಹಿಂದಿನದಕ್ಕಿಂತ ದೊಡ್ಡದು. ಇದೇ ಈ ಕಾದಂಬರಿಯ ಯಂತ್ರ. ನೌಕರಿ ಕಳೆದುಕೊಂಡವರು, ಪರೀಕ್ಷೆಯಲ್ಲಿ ಫೇಲಾದವರು, ಸಂಬಂಧ ಮುರಿದುಕೊಂಡವರು ಇದನ್ನು ಕೈಗೆತ್ತಿಕೊಂಡಾಗ ‘ನೀನು ಗೆಲ್ಲುತ್ತೀಯ’ ಎಂಬ ಆಶ್ವಾಸನೆಯನ್ನು ಅವರು ನಂಬುವುದು ಕಷ್ಟ. ಅಂಥದ್ದನ್ನು ಸೋತವರು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ‘ಈಗ ಆದ ನಷ್ಟ ಮುಂದಿನ ಘಟ್ಟದ ಪ್ರವೇಶ ಶುಲ್ಕ’ ಎಂಬ ಲೆಕ್ಕವನ್ನು ಮಾತ್ರ ನಂಬಬಹುದು, ಏಕೆಂದರೆ ಅದು ಆಗಲೇ ಆಗಿಹೋದ ನಷ್ಟಕ್ಕೆ ಅರ್ಥ ಕೊಡುತ್ತದೆ. ಇನ್ನೇನನ್ನೂ ಮಾಡು ಎಂದು ತಕ್ಷಣಕ್ಕೆ ಕೇಳುವುದಿಲ್ಲ.

ಇನ್ನೊಂದು ಅಂಶವನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ಕಥೆಯಲ್ಲಿ ಇಸವಿ ಇಲ್ಲ. ಹಣದ ಅಳತೆ ಕುರಿ ಮತ್ತು ಚಿನ್ನ. 60 ಕುರಿ, 120 ಕುರಿ ಎಂದರೆ ಯಾವ ದೇಶದ ಓದುಗನಿಗೂ ವಿನಿಮಯ ದರ ಬೇಕಿಲ್ಲ, ಮೂವತ್ತು ವರ್ಷ ಕಳೆದರೂ ಮೊತ್ತ ಸಣ್ಣದೆನಿಸುವುದಿಲ್ಲ. ದೇವರಿಗೆ ಸಂಬಂಧಿಸಿಯೂ ಇದೇ ಜಾಣತನ. ಕ್ರೈಸ್ತ ಗುರುಶಾಲೆ ಬಿಟ್ಟು ಬಂದ ಹುಡುಗ, ಮುಸ್ಲಿಂ ವ್ಯಾಪಾರಿ, ಕಾಪ್ಟಿಕ್ ಸನ್ಯಾಸಿ ಎಲ್ಲರೂ ಒಂದೇ ವಿಧಿಬರಹದ ಮಾತಾಡುತ್ತಾರೆ. ಯಾರ ದೇವರೂ ಇನ್ನೊಬ್ಬರ ದೇವರನ್ನು ಸೋಲಿಸುವುದಿಲ್ಲ.

ಅಪ್ಪನ ಒಪ್ಪಿಗೆ

ಕನಸಿನ ಕಥೆಗಳಲ್ಲಿ ಮೊದಲ ಅಡ್ಡಿ ಸಾಮಾನ್ಯವಾಗಿ ಮನೆ. ಇಲ್ಲಿ ಆ ಅಡ್ಡಿ ಒಂದೇ ಪುಟದಲ್ಲಿ ಕರಗುತ್ತದೆ. ಹದಿನಾರರವರೆಗೆ ಗುರುಶಾಲೆಯಲ್ಲಿ ಓದಿದ ಮಗ ಪಾದ್ರಿಯಾಗುವುದಿಲ್ಲ, ಊರೂರು ನೋಡಬೇಕು ಎನ್ನುತ್ತಾನೆ. ಅಪ್ಪ ವಾದ ಮಾಡುತ್ತಾನೆ, ಮಾರನೆಯ ದಿನ ಮೂರು ಹಳೆಯ ಸ್ಪೇನಿನ ಚಿನ್ನದ ನಾಣ್ಯವಿರುವ ಚೀಲ ಕೊಟ್ಟು ಕುರಿ ಕೊಳ್ಳಲು ಹೇಳುತ್ತಾನೆ. ಅಪ್ಪನ ಕಣ್ಣಲ್ಲಿ ತಾನೂ ಹೋಗಬೇಕಿತ್ತು ಎಂಬ ಆಸೆ ಹುಡುಗನಿಗೆ ಕಾಣುತ್ತದೆ. ಜಗಳವಿಲ್ಲ, ಶಾಪವಿಲ್ಲ, ಕಣ್ಣೀರಿಲ್ಲ.

ಲೇಖಕರ ಬದುಕಿನಲ್ಲಿ ನಡೆದದ್ದು ಇದರ ತದ್ವಿರುದ್ಧ. ರಿಯೊ ಡಿ ಜನೈರೊದಲ್ಲಿ 1947ರಲ್ಲಿ ಹುಟ್ಟಿದ ಕೊಯೆಲೊ ಬರಹಗಾರನಾಗುತ್ತೇನೆ ಎಂದಾಗ ಎಂಜಿನಿಯರ್ ತಂದೆಗೂ ತಾಯಿಗೂ ಅದು ರೋಗದಂತೆ ಕಂಡಿತು. ಹದಿನೇಳರಿಂದ ಶುರುವಾಗಿ ಮೂರು ಸಲ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮುಂದೆ ಗಾಯಕ ರಾವುಲ್ ಸೆಯ್‌ಷಸ್ ಜೊತೆ ರಾಕ್ ಹಾಡುಗಳಿಗೆ ಸಾಹಿತ್ಯ ಬರೆದು ಹೆಸರು ಮಾಡಿದರು. 1974ರಲ್ಲಿ ಸೈನಿಕ ಸರ್ಕಾರದ ಬಂಧನ ಅನುಭವಿಸಿದರು. 1986ರಲ್ಲಿ ಸ್ಪೇನಿನ ಸಾಂಟಿಯಾಗೊ ಯಾತ್ರೆಯ ದಾರಿಯನ್ನು ನಡೆದರು, ಮರುವರ್ಷ ಆ ಯಾತ್ರೆಯ ಪುಸ್ತಕ ಬಂತು. ಕಥಾನಾಯಕನ ಹೆಸರು ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ. ಕಾದಂಬರಿಯನ್ನು ಬರೆದು ಮುಗಿಸಿದ್ದು ಎರಡೇ ವಾರದಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ.

ಅಪ್ಪನ ಆ ಒಂದು ಪುಟ, ಹೀಗೆ ನೋಡಿದರೆ, ಲೇಖಕ ತನಗೆ ಸಿಗದಿದ್ದನ್ನು ಓದುಗರಿಗೆ ಹಂಚಿದ್ದು. ಇಪ್ಪತ್ತರ ಆಸುಪಾಸಿನ ಓದುಗರಲ್ಲಿ ಈ ಪುಸ್ತಕಕ್ಕೆ ಇರುವ ಹಿಡಿತದ ಬೇರು ಇಲ್ಲಿದೆ ಎಂದು ನಮಗನ್ನಿಸುತ್ತದೆ. ಅವರಲ್ಲಿ ಬಹಳ ಮಂದಿಗೆ ಬೇಕಿರುವುದು ಧೈರ್ಯಕ್ಕಿಂತ ಮೊದಲು ಅನುಮತಿ. ಹಾಡು ಬರೆದು ಪಳಗಿದ ಕೈಯ ಗುರುತೂ ಕಾಣುತ್ತದೆ. ಕಿವಿಗೆ ಒಂದೇ ಸಲಕ್ಕೆ ನಾಟುವ ಚಿಕ್ಕ ವಾಕ್ಯ, ಮತ್ತೆ ಮತ್ತೆ ಬರುವ ಪಲ್ಲವಿಯಂಥ ಮಾತು. ಅಧ್ಯಾಯಗಳಿಗೆ ಸಂಖ್ಯೆಯೂ ಇಲ್ಲ ಶೀರ್ಷಿಕೆಯೂ ಇಲ್ಲ, ಎರಡು ಭಾಗ ಮತ್ತು ಒಂದು ಉಪಸಂಹಾರ, ನಡುವೆ ಸಣ್ಣ ಸಣ್ಣ ತುಣುಕು. ಕಾದಂಬರಿ ಓದುವ ರೂಢಿ ಇಲ್ಲದವರು ಕೂಡ ಒಂದೆರಡು ಸಂಜೆಯಲ್ಲಿ ಮುಗಿಸುತ್ತಾರೆ. ‘ನಾನು ಪೂರ್ತಿ ಓದಿದ ಮೊದಲ ಕಾದಂಬರಿ’ ಎಂಬ ಪಟ್ಟ ಸಿಕ್ಕ ಪುಸ್ತಕಕ್ಕೆ ಓದುಗರು ತೋರುವ ನಿಷ್ಠೆಯೇ ಬೇರೆ.

ನಾಯಕನ ಹೆಸರು ಮೊದಲ ವಾಕ್ಯದಲ್ಲಿ ಬರುತ್ತದೆ. ಆಮೇಲೆ ಅವನು ಬರೀ ‘ಹುಡುಗ’. ಮುಖಚಹರೆಯ ವಿವರ ಇಲ್ಲವೆಂದೇ ಹೇಳಬೇಕು. ಈ ಖಾಲಿತನವನ್ನು ದೌರ್ಬಲ್ಯ ಎಂದು ಬೈದವರಿದ್ದಾರೆ, ಸಾಹಿತ್ಯದ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಓದುಗ ತನ್ನನ್ನು ಅಲ್ಲಿ ಕೂರಿಸಿಕೊಳ್ಳಲು ಆ ಜಾಗ ಖಾಲಿಯೇ ಇರಬೇಕು. ಚಲನಚಿತ್ರದ ಹಕ್ಕು 2003ರ ಹೊತ್ತಿಗೇ ವಾರ್ನರ್ ಬ್ರದರ್ಸ್ ಕೈಗೆ ಹೋಗಿತ್ತು, ನಂತರ ಕೈಯಿಂದ ಕೈಗೆ ದಾಟುತ್ತಲೇ ಇತ್ತು. ತೊಡಕು ಊಹಿಸುವುದು ಕಷ್ಟವಲ್ಲ. ಪರದೆಯ ಮೇಲೆ ಹುಡುಗನಿಗೊಂದು ಮುಖ ಬೇಕು. ಅವನು ಗಾಳಿಯ ಜೊತೆ, ಸೂರ್ಯನ ಜೊತೆ ಮಾತಾಡುವ ಶಿಖರಘಟ್ಟವನ್ನು ಚಿತ್ರವಾಗಿ ತೋರಿಸಲೂಬೇಕು.

ಹರಡಿದ ಬಗೆ

ಹಕ್ಕು ವಾಪಸು ಬಂದ ಮೇಲೆ ಕೊಯೆಲೊ ಇತರ ಪ್ರಕಾಶಕರ ಬಾಗಿಲು ತಟ್ಟಿದರು, ರೊಕ್ಕೊ ಸಂಸ್ಥೆ ಒಪ್ಪಿತು. 1990ರಲ್ಲಿ ಅವರ ಮುಂದಿನ ಕಾದಂಬರಿ ‘ಬ್ರಿದಾ’ ಬಂದಾಗ ಪತ್ರಿಕೆಗಳ ಗಮನ ಸಿಕ್ಕಿತು, ಅದರ ಬೆನ್ನಲ್ಲೇ ಹಳೆಯ ಎರಡು ಪುಸ್ತಕಗಳೂ ಮೇಲೆದ್ದವು. ಇಂಗ್ಲಿಷ್ ಅನುವಾದ ಅಲನ್ ಕ್ಲಾರ್ಕ್ ಅವರದು. ಹಾರ್ಪರ್‌ಕಾಲಿನ್ಸ್ 1993ರಲ್ಲಿ 50,000 ಪ್ರತಿಯ ಮೊದಲ ಮುದ್ರಣದೊಂದಿಗೆ ಅದನ್ನು ಹೊರತಂದಿತು. ಫ್ರಾನ್ಸ್‌ನಲ್ಲಿ 1994ರಲ್ಲಿ ಬಂದು ಪಟ್ಟಿಯ ತುದಿಗೇರಿತು. ಬಿಲ್ ಕ್ಲಿಂಟನ್ ಇದರ ಪ್ರತಿ ಹಿಡಿದು ಶ್ವೇತಭವನದಿಂದ ಹೊರಬರುವ ಫೋಟೊ, ಮಡೋನಾ ಸಂದರ್ಶನದಲ್ಲಿ ಕೊಂಡಾಡಿದ್ದು, ಇವೆಲ್ಲ ಆಮೇಲಿನ ಮಾತು.

ತಾರೆಯರ ಮೆಚ್ಚುಗೆ ಒಂದು ವರ್ಷದ ಮಾರಾಟವನ್ನು ವಿವರಿಸೀತು, ಮೂವತ್ತು ವರ್ಷದ್ದನ್ನಲ್ಲ. ಮೊದಲ ಪ್ರತಿ ಕೊಂಡವನೇ ಆರು ತಿಂಗಳ ನಂತರ ಎರಡನೆಯದನ್ನೂ ಕೊಂಡದ್ದು ನಮಗೆ ಇದಕ್ಕಿಂತ ಮುಖ್ಯವಾದ ಸಾಕ್ಷ್ಯ. ಓದಿದ ಪುಸ್ತಕವನ್ನೇ ಯಾರಾದರೂ ಮತ್ತೆ ಯಾಕೆ ಕೊಳ್ಳುತ್ತಾರೆ? ಒಂದೋ ಕಳೆದಿರಬೇಕು, ಇಲ್ಲವೇ ಇನ್ನೊಬ್ಬರಿಗೆ ಕೊಡಬೇಕು. ಈ ಪುಸ್ತಕ ಮುಖ್ಯವಾಗಿ ಕೊಡುಗೆಯಾಗಿ ಓಡಾಡುತ್ತದೆ. ಪದವಿ ಮುಗಿಸಿದವರಿಗೆ, ಊರು ಬಿಟ್ಟು ಹೊರಟವರಿಗೆ, ಎಡವಿ ಬಿದ್ದವರಿಗೆ. ಕೊಡುವವರಿಗೆ ಕೆಲವು ಅನುಕೂಲಗಳಿವೆ. ತೆಳ್ಳಗಿದೆ, ಯಾರ ನಂಬಿಕೆಗೂ ಪೆಟ್ಟಾಗುವುದಿಲ್ಲ, ಮುಜುಗರ ತರುವ ದೃಶ್ಯಗಳಿಲ್ಲ, ಮತ್ತು ನೇರವಾಗಿ ಹೇಳಿದರೆ ಉಪದೇಶ ಎನಿಸುವ ಮಾತನ್ನು ಪುಸ್ತಕವೇ ಹೇಳಿಬಿಡುತ್ತದೆ.

ಇಂಥ ಪುಸ್ತಕಕ್ಕೆ ಮೊದಲ ವರ್ಷದ ಅಂಕಿ ತಪ್ಪು ಅಳತೆಗೋಲು. ಓದಿ, ಮನಸ್ಸಿನಲ್ಲಿಟ್ಟುಕೊಂಡು, ಕೊಡಬೇಕಾದ ಸಂದರ್ಭ ಬರುವವರೆಗೆ ಕಾಯಬೇಕು. ಆ ಚಕ್ರಕ್ಕೆ ತಿಂಗಳುಗಳು ಬೇಕು. 900 ಪ್ರತಿ ಇಡೀ ದೇಶಕ್ಕೆ ಚದುರಿದರೆ ಆ ಚಕ್ರ ತಿರುಗುವ ಮೊದಲೇ ಲೆಕ್ಕಪತ್ರ ಮುಗಿದಿರುತ್ತದೆ. ರಷ್ಯಾದ ಪ್ರಸಂಗವೂ ಇದನ್ನೇ ಹೇಳುತ್ತದೆ. ಅಲ್ಲಿ ದೂರದ ಕಾರಣಕ್ಕೂ ಕಾಗದದ ಕೊರತೆಗೂ ಪುಸ್ತಕ ಸರಿಯಾಗಿ ತಲುಪದೆ ಮಾರಾಟ ಕೆಲವೇ ಸಾವಿರದಲ್ಲಿತ್ತು. 1999ರ ಸುಮಾರಿಗೆ ರಷ್ಯನ್ ಅನುವಾದದ ಕದ್ದ ಪ್ರತಿ ಇಂಟರ್‌ನೆಟ್‌ನಲ್ಲಿ ಸಿಗುವುದನ್ನು ನೋಡಿದ ಕೊಯೆಲೊ ಅದನ್ನು ತಡೆಯುವ ಬದಲು ತಾವೇ ಹಂಚಲು ನೆರವಾದರು. ಅಚ್ಚಿನ ಪ್ರತಿಯ ಮಾರಾಟ ಹತ್ತು ಸಾವಿರ, ನಂತರ ಲಕ್ಷ, ಮುಂದೆ ಹತ್ತು ಲಕ್ಷ ದಾಟಿತು ಎಂದು ಅವರು ಸಾರ್ವಜನಿಕವಾಗಿ ಹೇಳಿದ್ದಾರೆ. ಪರದೆಯ ಮೇಲೆ ಪುಕ್ಕಟೆ ಓದಿದವರು ಅಚ್ಚಿನ ಪ್ರತಿ ಕೊಂಡದ್ದು ಯಾಕೆ? ಫೈಲನ್ನು ಉಡುಗೊರೆ ಕೊಡಲು ಬರುವುದಿಲ್ಲ. ಎಲ್ಲ ಪುಸ್ತಕಕ್ಕೂ ಈ ಉಪಾಯ ಫಲಿಸುತ್ತದೆಂದು ಯಾರೂ ತಿಳಿಯಬಾರದು. ಒಂದೇ ಸಲ ಓದಿ ಮುಗಿಸುವ ಪತ್ತೇದಾರಿ ಕಾದಂಬರಿಗೆ ಇದೇ ಪ್ರಯೋಗ ಮಾಡಿದರೆ ಅಚ್ಚಿನ ಮಾರಾಟ ಕುಸಿಯುವ ಸಂಭವವೇ ಹೆಚ್ಚು.

ಎಲ್ಲಿ ಸೋರುತ್ತದೆ

ಎರಡನೆಯ ಓದಿನಲ್ಲಿ ಈ ಕಾದಂಬರಿ ಹಲವರನ್ನು ಕೈಬಿಡುತ್ತದೆ. ಅದಕ್ಕೆ ಗಟ್ಟಿ ಕಾರಣಗಳಿವೆ.

ಮೊದಲನೆಯದು ಹೆಂಗಸರ ಪಾತ್ರ. ಆರಂಭದಲ್ಲಿ ಹುಡುಗ ನಾಲ್ಕು ದಿನ ಎಣಿಸಿಕೊಂಡು ಹೋಗುತ್ತಿರುವುದು ಉಣ್ಣೆ ವ್ಯಾಪಾರಿಯ ಮಗಳನ್ನು ಕಾಣಲು. ನಿಧಿಯ ಮಾತು ಬಂದಮೇಲೆ ಅವಳು ಕಥೆಯಿಂದಲೇ ಸರಿದುಹೋಗುತ್ತಾಳೆ. ಓಯಸಿಸ್‌ನಲ್ಲಿ ಹುಡುಗ ಪ್ರೀತಿಸುವ ಫಾತಿಮಾಳ ಗುರಿ ಏನೆಂದರೆ ಕಾಯುವುದು. ಮರಳುಗಾಡಿನ ಹೆಂಗಸರು ಹೀಗೇ ಎಂದು ಅವಳ ಬಾಯಿಂದಲೇ ಹೇಳಿಸಿ ಕಾದಂಬರಿ ಮುಂದೆ ಹೋಗುತ್ತದೆ. ಪ್ರತಿಯೊಬ್ಬರಿಗೂ ತಮ್ಮದೇ ಗುರಿಯಿದೆ ಎಂದು ಸಾರುವ ಪುಸ್ತಕದಲ್ಲಿ ಇದು ಸಣ್ಣ ಬಿರುಕಲ್ಲ.

ಎರಡನೆಯದು ಶಕುನಗಳ ತರ್ಕ. ಇಡೀ ಪುಸ್ತಕದಲ್ಲಿ ನಾಯಕ ಮನಸಾರೆ ನಂಬಿದ ಶಕುನ ಕೊನೆಗೂ ಹುಸಿಯಾಗುವುದಿಲ್ಲ. ತಲುಪಿದವನ ಕಥೆಯನ್ನಷ್ಟೇ ಹೇಳಿದರೆ ದಾರಿ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಮನಸ್ಸಿಟ್ಟು ಬಯಸಿದರೆ ವಿಶ್ವವೇ ನೆರವಾಗುತ್ತದೆ ಎಂಬ ಇದರ ಅತಿ ಪ್ರಸಿದ್ಧ ಮಾತಿಗೆ ಇನ್ನೊಂದು ಮಗ್ಗುಲಿದೆ. ನೆರವಾಗದಿದ್ದರೆ ತಪ್ಪು ನಿನ್ನದೇ, ನೀನು ಸಾಕಷ್ಟು ಬಯಸಲಿಲ್ಲ. ಸಾಲ ಮಾಡಿ ವ್ಯಾಪಾರಕ್ಕೆ ಇಳಿದು ಮುಳುಗಿದವನಿಗೆ ಈ ತರ್ಕ ಕ್ರೂರವಾಗುತ್ತದೆ.

ಮೂರನೆಯದು ನಿಧಿಯೇ. ಪೆಟ್ಟಿಗೆಯಲ್ಲಿ ಸಿಗುವುದು ಸ್ಪೇನಿನ ಚಿನ್ನದ ನಾಣ್ಯ, ರತ್ನ, ಗರಿ ಸಿಕ್ಕಿಸಿದ ಚಿನ್ನದ ಮುಖವಾಡ, ವಿಗ್ರಹಗಳು. ಎಂದೋ ಗೆದ್ದು, ದೇಶವೇ ಮರೆತ ಯಾವುದೋ ದಂಡಯಾತ್ರೆಯ ಕೊಳ್ಳೆ. ಲ್ಯಾಟಿನ್ ಅಮೆರಿಕದ ಲೇಖಕನ ಕೈಯಲ್ಲಿ ಈ ವಿವರ ಬಂದು, ಒಂದು ಸಾಲೂ ನಿಲ್ಲದೆ ದಾಟಿಹೋಗುತ್ತದೆ. ಆ ಮುಖವಾಡಗಳು ಯಾರ ಮನೆಯವು ಎಂದು ಹುಡುಗ ಕೇಳುವುದಿಲ್ಲ.

ಹೀಗಿದ್ದರೂ ಕಾದಂಬರಿ ತನ್ನ ಸಂದೇಶಕ್ಕಿಂತ ಪ್ರಾಮಾಣಿಕವಾಗಿರುವ ಎರಡು ಕಡೆಗಳಿವೆ, ಪುಸ್ತಕದ ಜನಪ್ರಿಯ ವಾಕ್ಯಗಳ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಒಂದು, ಹರಳುಗಾಜಿನ ವ್ಯಾಪಾರಿ. ಮೂವತ್ತು ವರ್ಷದಿಂದ ಅದೇ ಅಂಗಡಿ. ಮೆಕ್ಕಾಗೆ ಹೋಗಬೇಕೆಂಬುದು ಅವನ ಕನಸು. ಈಗ ಹಣವೂ ಇದೆ. ಆದರೆ ಹೋಗಿ ಬಂದರೆ ಬದುಕಲು ಏನು ಉಳಿಯುತ್ತದೆ ಎಂಬ ಭಯದಿಂದ ಹೋಗುವುದಿಲ್ಲ, ಹಾಗೆಂದು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಕನಸು ನನಸಾಗುವ ಭಯವೇ ಕೊನೆಯ ಅಡ್ಡಿ ಎಂದು ಕೊಯೆಲೊ ನಂತರದ ಮುನ್ನುಡಿಯೊಂದರಲ್ಲಿ ವಿವರಿಸಿದ್ದೂ ಇದೆ. ಮುಖ್ಯವಾದದ್ದೇನೆಂದರೆ, ಕಾದಂಬರಿ ಅವನನ್ನು ಹೀಯಾಳಿಸುವುದಿಲ್ಲ, ಶಿಕ್ಷಿಸುವುದೂ ಇಲ್ಲ. ನಲವತ್ತು ದಾಟಿದ ಓದುಗರು ಮತ್ತೆ ಓದುವಾಗ ತಮ್ಮನ್ನು ಗುರುತಿಸಿಕೊಳ್ಳುವುದು ಹುಡುಗನಲ್ಲಲ್ಲ, ಇವನಲ್ಲಿ. ಇಡೀ ಪುಸ್ತಕದಲ್ಲಿ ಬರವಣಿಗೆಯ ದೃಷ್ಟಿಯಿಂದ ಅತ್ಯಂತ ಗಟ್ಟಿ ಪುಟಗಳು ಇವೇ ಎಂದು ನಮ್ಮ ಲೆಕ್ಕ.

ಎರಡು, ಒಂಟೆ ನಡೆಸುವವನು. ಅವನ ಹಣ್ಣಿನ ತೋಟ ಭೂಕಂಪ ಮತ್ತು ನೈಲ್ ನದಿಯ ಪ್ರವಾಹದಲ್ಲಿ ಹಾಳಾಯಿತು, ಅದು ಅವನಿಗೆ ಮರಳಿ ಸಿಗಲಿಲ್ಲ. ಯಾವ ಇಮ್ಮಡಿ ಗಳಿಕೆಯೂ ಇಲ್ಲ. ಊಟದ ಹೊತ್ತಿಗೆ ಊಟ ಮಾಡುತ್ತೇನೆ, ನಡೆಯುವ ಹೊತ್ತಿಗೆ ನಡೆಯುತ್ತೇನೆ ಎಂಬಷ್ಟಕ್ಕೆ ಅವನು ನೆಮ್ಮದಿ ಕಂಡುಕೊಂಡಿದ್ದಾನೆ. ನಷ್ಟ ತುಂಬಿಬರದ ಈ ಒಂದು ಬದುಕು ಪುಸ್ತಕದ ಲೆಕ್ಕಕ್ಕೆ ಒಳಗಿನಿಂದಲೇ ಎದ್ದ ಆಕ್ಷೇಪ.

ಅನುಕರಣೆ ಯಾಕೆ ಕೆಡುತ್ತದೆ

ಇದೇ ಜಾಡಿನ ಹಸ್ತಪ್ರತಿಗಳು ಸಂಪಾದಕರ ಮೇಜಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವು ಬೀಳುವುದು ಮೂರು ಜಾಗದಲ್ಲಿ.

ಲೇಖಕರು ಗುರುವಿನ ಪಾತ್ರದಿಂದ ಶುರುಮಾಡುತ್ತಾರೆ. ಇಲ್ಲಿ ರಸವಾದಿಯ ಪಾಠ ಆರಂಭವಾಗುವುದು ಕಥೆ ಅರ್ಧ ದಾಟಿದ ಮೇಲೆ. ಅಷ್ಟರಲ್ಲಿ ಹುಡುಗ ಒಮ್ಮೆ ದಿವಾಳಿಯಾಗಿದ್ದಾನೆ, ಕೈಕೆಲಸ ಮಾಡಿ ಎದ್ದಿದ್ದಾನೆ, ಅರಬ್ಬಿ ಕಲಿತಿದ್ದಾನೆ. ದುಡಿಮೆಯ ಪುಟಗಳಿಲ್ಲದೆ ಬಂದ ಗುರುವಾಕ್ಯ ಬಾಯಿಪಾಠದಂತೆ ಕೇಳುತ್ತದೆ. ಹಸ್ತಪ್ರತಿಯಲ್ಲಿ ನಾಯಕ ಕೈಯಿಂದ ಮಾಡುವ ಕೆಲಸ ಯಾವುದು, ಎಷ್ಟು ಪುಟ, ಅದರಿಂದ ಅವನಿಗೆ ಎಷ್ಟು ಸಿಕ್ಕಿತು ಎಂದು ಗುರುತು ಹಾಕಿ ನೋಡಿ. ಉತ್ತರ ಸಿಗದಿದ್ದರೆ ಮೊದಲು ಅದನ್ನೇ ಬರೆಸಬೇಕು.

ಎರಡನೆಯದಾಗಿ ನಷ್ಟ ಅಸ್ಪಷ್ಟವಾಗಿರುತ್ತದೆ. ‘ಎಲ್ಲವನ್ನೂ ಕಳೆದುಕೊಂಡ’ ಎಂದರೆ ಏನೂ ಕಳೆದುಕೊಂಡಂತಲ್ಲ. ಎಷ್ಟು ಕುರಿ, ಯಾರ ಕೈಗೆ, ಯಾವ ತಪ್ಪಿನಿಂದ ಎಂಬುದು ಗೊತ್ತಿದ್ದಾಗಲೇ ಮರುಗಳಿಕೆಗೆ ತೂಕ. ಒಂದೇ ದೊಡ್ಡ ಪತನ ಇಡುವುದಕ್ಕಿಂತ ಏರುತ್ತ ಹೋಗುವ ಮೂರು ನಷ್ಟ ಇಟ್ಟರೆ ಓದುಗ ಕೊನೆಯದರ ಹೊತ್ತಿಗೆ ನಮೂನೆಯನ್ನು ಹಿಡಿದಿರುತ್ತಾನೆ, ಹೊಡೆತದ ನಡುವೆಯೇ ಮುಂದಿನದನ್ನು ನಿರೀಕ್ಷಿಸುತ್ತಾನೆ. ಪಿರಮಿಡ್ಡಿನ ದೃಶ್ಯ ಕೆಲಸ ಮಾಡುವುದು ಹೀಗೆ.

ಮೂರನೆಯದು ಬಾಕಿ. ಮಾತು ಕೊಟ್ಟದ್ದನ್ನು ಲೇಖಕರು ಮರೆಯುತ್ತಾರೆ. ಆರಂಭದಲ್ಲಿ ನೆರವಾದವರು ಗೆಲುವಿನ ಅಧ್ಯಾಯದಲ್ಲಿ ನಾಪತ್ತೆ. ಇಲ್ಲಿ ಪೆಟ್ಟಿಗೆ ತೆರೆದ ಮೇಲೆ ಹುಡುಗ ಮಾಡಬೇಕೆಂದುಕೊಳ್ಳುವ ಮೊದಲ ಕೆಲಸಗಳಲ್ಲೊಂದು ತಾರಿಫಾಗೆ ಹೋಗಿ ಜಿಪ್ಸಿ ಮುದುಕಿಗೆ ಹತ್ತನೆಯ ಪಾಲು ಕೊಡುವುದು. ಹಸ್ತಪ್ರತಿಯ ಅಂಚಿನಲ್ಲಿ ಪ್ರತಿ ವಾಗ್ದಾನದ ಎದುರು ಪುಟಸಂಖ್ಯೆ ಬರೆದುಕೊಂಡು, ಅದು ತೀರಿದ ಪುಟವನ್ನೂ ಪಕ್ಕದಲ್ಲಿ ಬರೆಯಿರಿ. ಎರಡನೆಯ ಅಂಕಣದಲ್ಲಿ ಖಾಲಿ ಉಳಿದ ಸಾಲುಗಳೇ ತಿದ್ದುಪಡಿಯ ಪಟ್ಟಿ.